ಗಂಧಕದ ಖೋಲಿಯ ಪಕ್ಕದ ಟ್ರಂಕು

ಹೋದ ವರ್ಷ ಶಿವರಾತ್ರಿ ಕಳೆದು ಎಂಟೋ ಹತ್ತೋ ದಿನಕ್ಕೆ ನನ್ನ ಮಗಳ ಲ್ಯಾಪ್‌ಟಾಪ್ ಸತ್ತಿತು. ಸತ್ತಿತು ಅನ್ನುವುದು ನನ್ನ ಮಾತು. ಆಕೆ ‘ಚಾಲೂ ಆಗವಲ್ದು’ ಅಂದಳು.

ಮುಂಜಾನೆಯ ಚಹಾ ಮುಗಿದಿತ್ತು. ಹೊನವಾಡದ ದಾರಿಯಲ್ಲಿರುವ ನಮ್ಮ ತೋಟದ ಮನೆಗೆ ಹತ್ತಿದ ಶೆಡ್ಡಿನಲ್ಲಿ ಹೆಣ್ಣಾಳುಗಳು ಜಾಳಿಗೆಯ ಮೇಲೆ ಹಸಿ ದ್ರಾಕ್ಷಿ ಹರವುತ್ತಿದ್ದರು. ನಾನು ಸಾಮಾನಿನ ಖೋಲಿಗೆ ಹೋಗಿ, ಟ್ರಂಕಿನ ಕೀಲಿ ತೆಗೆದು, ಅರಿವೆಯಲ್ಲಿ ಸುತ್ತಿಟ್ಟ ಲ್ಯಾಪ್‌ಟಾಪನ್ನು ತಂದು ಮಗಳ ಕೈಗೆ ಕೊಟ್ಟೆ. ದಿನಾ ಹಾಗೆಯೇ. ಸಂಜೆ ಆಕೆ ನನ್ನ ಕೈಗೆ ಒಪ್ಪಿಸಬೇಕು, ಮುಂಜಾನೆ ನಾನು ಆಕೆಗೆ ಕೊಡಬೇಕು. ಆ ಕಾನೂನು ನನ್ನದು. ದ್ರಾಕ್ಷಿ ಸುಗ್ಗಿಯಲ್ಲಿ ಶೆಡ್ಡಿಗೆ ಎಲ್ಲೆಲ್ಲಿಯದೋ ಮಂದಿ ಬರುತ್ತಾರೆ. ಬೆಲೆಯುಳ್ಳ ಸಾಮಾನು ಕೀಲಿಯೊಳಗೆ ಇರಬೇಕು. ಕೀಲಿಯಿರುವ ಟ್ರಂಕು ಇದ್ದದ್ದು ಒಂದೇ, ಅದು ನನ್ನದು, ಕೀಲಿಕೈ ನನ್ನ ಸೊಂಟದಲ್ಲಿ.

“ಯವ್ವಾ, ದೀಪ ಹತ್ತತೈತಿ, ಒಳಗ ಫ್ಯಾನ್ ತಿರಗತೈತಿ. ಸ್ಕ್ರೀನ್ ಮ್ಯಾಲ ಏನೂ ಬರವಲ್ದು,” ಅಂದಳು ಮಗಳು.

“ಇನ್ನೊಮ್ಮಿ ಒತ್ತು.”

“ಏಳು ಸಲ ಒತ್ತಿದೆ ಬೇ.”

“ಎಂಟನೇ ಸಲ ಒತ್ತು. ನಿನ್ನೆ ಐದನೇದಕ್ಕ ಬಂದಿತ್ತಲ್ಲ?”

ಆಕೆ ಒತ್ತಿದಳು. ಒಳಗೆ ಗುಂಯ್ ಅಂತ ಸಪ್ಪಳವಾಯಿತು, ಸಣ್ಣ ದೀಪ ಹತ್ತಿತು, ಆಮೇಲೆ ಎರಡೂ ಆರಿದವು. ಆ ಕಪ್ಪು ಪರದೆಯಲ್ಲಿ ಆಕೆಯ ಮುಖವೇ ಆಕೆಗೆ ಕಾಣುತ್ತಿತ್ತು, ಅದನ್ನೇ ನೋಡುತ್ತ ಕೂತಳು.

ಆಕೆಯ ಕಥೆ ಹೇಳದಿದ್ದರೆ ಇದು ತಿಳಿಯುವುದಿಲ್ಲ. ಜೈನಾಪುರದ ಗಂಡನ ಮನೆ ಬಿಟ್ಟು, ಇದ್ದೊಬ್ಬ ಮಗಳನ್ನು ಕಟ್ಟಿಕೊಂಡು ಆಕೆ ನಮ್ಮಲ್ಲಿಗೆ ಬಂದು ಆಗ ನಾಲ್ಕು ವರ್ಷ. ಗಂಡ ಕುಡುಕನಲ್ಲ, ಕೈ ಎತ್ತಿದವನಲ್ಲ. ಮಾತು ಬಿಟ್ಟಿದ್ದ, ಅಷ್ಟೇ. ಎರಡು ವರ್ಷ ಒಂದೇ ಮನೆಯಲ್ಲಿ ಒಂದು ಮಾತಿಲ್ಲ. ಊಟಕ್ಕೆ ಕೂತಾಗ ಉಪ್ಪು ಬೇಕಾದರೂ ಮಗಳ ಬಾಯಿಂದ ಕೇಳಿಸುತ್ತಿದ್ದನಂತೆ. “ಗಂಡ ಮಾತಾಡಲಿಲ್ಲಂತ ಯಾರರೆ ಮನಿ ಬಿಡ್ತಾರೇನಬೇ?” ಅಂತ ನಾನು ಕೇಳಿದ್ದೆ.

ತಿಕೋಟಾದಲ್ಲಿ ಕನ್ನಡ ಟೈಪಿಂಗ್ ಕಲಿತಳು. ಯಾರೋ ಬಳಸಿಬಿಟ್ಟ ಲ್ಯಾಪ್‌ಟಾಪ್ ಒಂದನ್ನು ಕೊಂಡಳು. ವಿಜಯಪುರದ ಒಂದು ಪ್ರೆಸ್ಸಿನವರು ಮೊದಲು ಲಗ್ನಪತ್ರಿಕೆ ಕೊಟ್ಟರು, ಆಮೇಲೆ ಪುಸ್ತಕ ಕೊಟ್ಟರು. ಹೋದ ವರ್ಷ ಕೊಟ್ಟದ್ದು ಬಬಲೇಶ್ವರದ ಒಬ್ಬ ಮುದಿ ಮಾಸ್ತರರ ಪುಸ್ತಕ. ಆ ಪುಣ್ಯಾತ್ಮ ಸಾಲಿಯ ನೌಕರಿ ಮಾಡುವಾಗಿಂದ ಸೈಕಲ್ ಮೇಲೆ ಊರೂರು ತಿರುಗಿ ಹೊಲಗಳ ಹೆಸರು ಬರೆದಿಟ್ಟಿದ್ದರು. ಯಾವ ಹೊಲಕ್ಕೆ ಯಾವ ಹೆಸರು, ಅದು ಯಾಕೆ ಬಂತು, ಎಲ್ಲ. ಅವರ ಅಕ್ಷರ ಪ್ರೆಸ್ಸಿನವರಿಗೆ ಓದಲು ಬರಲಿಲ್ಲ. ನನ್ನ ಮಗಳಿಗೆ ಬಂತು.

ಪ್ರೆಸ್ಸಿನ ಯಜಮಾನ ಮಾತು ಕೊಟ್ಟಿದ್ದ. ಯುಗಾದಿಯೊಳಗೆ ಈ ಪುಸ್ತಕ ಮುಗಿಸಿದರೆ ಪ್ರೆಸ್ಸಿನಲ್ಲಿಯೇ ಕಾಯಂ ಕೆಲಸ. ಇಲ್ಲವಾದರೆ ಬೇರೆ ಒಬ್ಬಾಕೆಯನ್ನು ನೋಡಿಟ್ಟಿದ್ದಾನೆ. ಮಗಳು ಆಗಲೇ ವಿಜಯಪುರದಲ್ಲಿ ಒಂದು ಖೋಲಿ ನೋಡಿ ಬಂದಿದ್ದಳು. ಜೂನಿನಲ್ಲಿ ಹುಡುಗಿಯನ್ನು ಅಲ್ಲಿಯ ಸಾಲಿಗೆ ಹಾಕುವುದು, ತಾನು ಪ್ರೆಸ್ಸಿಗೆ ಹೋಗುವುದು. ಅವಳಿಗೆ ಯುಗಾದಿ ಅಂದರೆ ಅದು. ತಪ್ಪಿದರೆ ಮತ್ತೆ ಶೆಡ್ಡಿನಲ್ಲಿ ಅಣ್ಣನ ಕೈಕೆಳಗೆ ಮಣೂಕದ, ಅಂದರೆ ಒಣದ್ರಾಕ್ಷಿಯ, ಕಡ್ಡಿ ಆರಿಸುತ್ತ ಕೂಡುವುದು.

ನನಗೆ ಆಕೆ ಹೋಗುವುದು ಬೇಕಿರಲಿಲ್ಲ. ಮಮತೆ ಅಂತಲ್ಲ. ಸುಗ್ಗಿಯಲ್ಲಿ ಮನೆಯವರದೊಂದು ಕೈ ಶೆಡ್ಡಿನಲ್ಲಿ ಇರಬೇಕು, ಹೊರಗಿನವರಿಗೆ ಅದು ತಿಳಿಯುವುದಿಲ್ಲ. ಮೇಲಾಗಿ ಗಂಡನನ್ನು ಬಿಟ್ಟ ಹೆಣ್ಣು ಒಬ್ಬಳೇ ಸಿಟಿಯಲ್ಲಿ ಖೋಲಿ ಹಿಡಿದಳು ಅಂತ ಜನ ನನ್ನ ಮುಂದೆಯೇ ಆಡುತ್ತಾರೆ. ಇದನ್ನು ಆಕೆಗೂ ಹೇಳಿದ್ದೆ, ಮುಚ್ಚಿಟ್ಟಿರಲಿಲ್ಲ.

“ನೀ ಆಡ್ಕೊಳ್ಳಾಕತ್ತಿ ಬೇ, ಮಂದಿ ಅಲ್ಲ,” ಅಂದಿದ್ದಳು.

ಇಷ್ಟಾದರೂ ಆ ಪುಸ್ತಕದಲ್ಲಿ ನನ್ನದೂ ಒಂದು ಪಾಲಿತ್ತು. ಮಾಸ್ತರರ ವಹಿಯಲ್ಲಿ ನಿಡೋಣಿಯ ಹಾಳೆಗಳು ಖಾಲಿ ಇದ್ದವು. ಅಲ್ಲಿ ಹೇಳುವ ಮುದುಕರೆಲ್ಲ ತೀರಿಕೊಂಡಿದ್ದರಂತೆ. ನಿಡೋಣಿ ನನ್ನ ತವರು. ಸಣ್ಣಾಕಿ ಇದ್ದಾಗ ಬುತ್ತಿ ಹೊತ್ತು ತಿರುಗಿದ ಹೊಲಗಳು. ಹೆಸರು ತಪ್ಪಿದರೆ ಬುತ್ತಿ ಬೇರೆಯವರ ಬದುವಿಗೆ ಹೋಗುತ್ತಿತ್ತು, ಆಮೇಲೆ ನನ್ನ ಬೆನ್ನಿಗೆ ಏಟು ಬೀಳುತ್ತಿತ್ತು. ಹಾಗಾಗಿ ನನಗೆ ಒಂದೂ ಮರೆತಿಲ್ಲ. ನಾನು ಕಡ್ಡಿ ಆರಿಸುತ್ತ ಹೇಳುವುದು, ಆಕೆ ಟೈಪ್ ಮಾಡುವುದು. ಶಿವರಾತ್ರಿಯ ಹಿಂದೆಮುಂದೆ ಹತ್ತು ಹನ್ನೆರಡು ದಿನ ಇದು ನಡೆಯಿತು.

“ಸೂಲಗಿತ್ತಿ ಹೊಲ ಬರಿ.”

“ಅದ್ಯಾಕ ಆ ಹೆಸರು?”

“ಗೌಡರ ಸೊಸಿ ಮೂರು ದಿನ ಬ್ಯಾನಿ ತಿಂದಳಂತ. ಸೂಲಗಿತ್ತಿ ಕೂಸನ್ನೂ ಉಳಿಸಿದಳು, ತಾಯಿನೂ ಉಳಿಸಿದಳು. ಗೌಡ ಖುಷಿಯಾಗಿ ಆ ಹೊಲದ ಪಟ್ಟಿ ಕೊಟ್ಟ. ಮುಂದ ಆ ಕೂಸ ದೊಡ್ಡಾಂವಾಗಿ ಸೂಲಗಿತ್ತಿ ಮಕ್ಕಳ ಕಡಿಂದ ಹೊಲ ಕಸ್ಗೊಂಡ. ಹೆಸರ ಮಾತ್ರ ಕಸ್ಗೊಳ್ಳಾಕ ಆಗಲಿಲ್ಲ.”

ಆಕೆ ನಕ್ಕಿದ್ದಳು. ಬಹಳ ದಿನದ ಮೇಲೆ ನಕ್ಕಿದ್ದಳು. ಅದೇ ದಿನಗಳಲ್ಲಿ ಲ್ಯಾಪ್‌ಟಾಪ್ ಮೊಂಡು ಬಿದ್ದದ್ದು. ಮೊದಲು ಎರಡನೇ ಸಲಕ್ಕೆ ಚಾಲೂ ಆಗುತ್ತಿತ್ತು, ಆಮೇಲೆ ಮೂರನೇ ಸಲಕ್ಕೆ. ಟೈಪ್ ಮಾಡುತ್ತಿದ್ದಂತೆಯೇ ಫಕ್ಕನೆ ಆರುತ್ತಿತ್ತು. ಆಕೆ “ಹಳೇ ಸಾಮಾನು” ಅಂದು ಮತ್ತೆ ಒತ್ತುತ್ತಿದ್ದಳು. ಈಗ ಏಳಕ್ಕೂ ಇಲ್ಲ, ಎಂಟಕ್ಕೂ ಇಲ್ಲ.

ಮಗ ಶೆಡ್ಡಿನಿಂದ ಬಂದ. ಅವನು ಯಂತ್ರ ಅಂದರೆ ಮುಂದೆ. ಮೋಟಾರು ರಿಪೇರಿ ಮಾಡಿದ ಹಾಗೆ ಇದನ್ನೂ ಮಾಡಲು ಕೂತ.

“ಮೊದಲ ಕರೆಂಟ್ ನೋಡಬೇಕು,” ಅಂದ. ತನ್ನ ಮೊಬೈಲಿನ ಚಾರ್ಜರ್ ಹಚ್ಚಿ ನೋಡಿದ, ಕರೆಂಟು ಇತ್ತು. ಲ್ಯಾಪ್‌ಟಾಪಿನ ಚಾರ್ಜರ್ ಬೇರೆ ಪ್ಲಗ್ಗಿಗೆ ಹಚ್ಚಿದ, ಅದರ ದೀಪ ಹತ್ತಿತು. ವೈರನ್ನು ಬುಡದಿಂದ ತುದಿಯವರೆಗೆ ಬಗ್ಗಿಸಿ ನೋಡಿದ. “ಚಾರ್ಜರ್ ಚಲೋ ಐತಿ. ರೋಗ ಒಳಗೈತಿ.”

ಮೊಮ್ಮಗಳು ಮೊಬೈಲಿನಲ್ಲಿ ಒಂದು ವಿಡಿಯೋ ಹುಡುಕಿದಳು. ಏಳನೆಯ ಇಯತ್ತೆಯ ಹುಡುಗಿ, ಅವರವ್ವನಿಗಿಂತ ಜೋರು. “ಮಾಮಾ, ಚಾರ್ಜರ್ ತಗದು ಗುಂಡಿ ಅರ್ಧ ನಿಮಿಷ ಒತ್ತಿ ಹಿಡೀಬೇಕಂತ. ಒಳಗಿನ ಕರೆಂಟೆಲ್ಲಾ ಹೋಕ್ಕೈತಂತ.” ಮಗ ಹಿಡಿದ, ಆಕೆ ಎಣಿಸಿದಳು. ಏನೂ ಆಗಲಿಲ್ಲ. ಆಮೇಲೆ ಮೊಬೈಲಿನ ಟಾರ್ಚ್ ಹಚ್ಚಿ ಕಪ್ಪು ಪರದೆಯ ಮೇಲೆ ಬೆಳಕು ಬಿಟ್ಟು ನೋಡಿದರು. ಪರದೆಯ ಹಿಂದಿನ ದೀಪ ಒಂದೇ ಹೋಗಿದ್ದರೆ ಒಳಗಿನ ಚಿತ್ರ ಮಸುಕಾಗಿ ಕಾಣುತ್ತದಂತೆ. ಕಾಣಲಿಲ್ಲ. ಮಗಳು ಪ್ರೆಸ್ಸಿಗೆ ಫೋನ್ ಹಚ್ಚಿದಳು. ಅಲ್ಲಿಯ ಕಂಪ್ಯೂಟರಿನವನು ಬೀಪ್ ಅಂತ ಸಪ್ಪಳ ಎಷ್ಟು ಸಲ ಬಂತು ಅಂತ ಕೇಳಿದ. ಒಂದು ಸಲವೂ ಬಂದಿರಲಿಲ್ಲ. “ಹಂಗಾದ್ರ ಬೋರ್ಡಿಂದು ತ್ರಾಸ ಇರಬೇಕ್ರಿ. ನೀರ ಗೀರ ಬಿದ್ದಿತ್ತೇನ್ರಿ?” ಅಂದ.

ಈ ‘ನೀರು’ ಅನ್ನುವ ಮಾತು ಬಂದಿದ್ದೇ ತಡ, ಮಗ ಹುಡುಗಿಯ ಕಡೆ ತಿರುಗಿದ.

“ಏ, ಮೊನ್ನಿ ಇದರ ಮುಂದ ಕುಂತು ಚಾ ಕುಡಿಯಾಕತ್ತಿದ್ದೆಲ್ಲ ನೀ?”

“ಚಾ ಚೆಲ್ಲಿಲ್ಲ ಮಾಮಾ.”

“ಕುಡದಿದ್ದು ಖರೆ ಹೌದಿಲ್ಲೋ?”

“ಕುಡದಿದ್ದು ಖರೆ. ಚೆಲ್ಲಿಲ್ಲ.”

ಮಗಳು ಎದ್ದು ಹುಡುಗಿಯ ಕಪಾಳಕ್ಕೆ ಒಂದು ಹೊಡೆದಳು. ನಾಲ್ಕು ವರ್ಷದಲ್ಲಿ ಮೊದಲ ಸಲ ಆಕೆ ಮಗಳ ಮೇಲೆ ಕೈ ಮಾಡಿದ್ದು. ಹುಡುಗಿ ಅಳಲಿಲ್ಲ. “ಚೆಲ್ಲಿಲ್ಲ,” ಅಂತ ಇನ್ನೊಮ್ಮೆ ಅಂದಳು, ಹೊರಗೆ ಹೋದಳು. ನಾನು ಅಲ್ಲಿಯೇ ಕೂತಿದ್ದೆ. ಬಾಯಿ ತೆರೆಯಲಿಲ್ಲ.

ಮಗ ಹೊಸ ಉಪಾಯ ಹೇಳಿದ. ಮೊಬೈಲು ನೀರಿಗೆ ಬಿದ್ದರೆ ಅಕ್ಕಿಯಲ್ಲಿ ಹುಗಿದಿಡುತ್ತಾರೆ, ಅಕ್ಕಿ ಹಸಿ ಹೀರುತ್ತದೆ. ನಮ್ಮಲ್ಲಿ ಅಕ್ಕಿ ಇದ್ದದ್ದು ಒಂದು ಡಬ್ಬಿ. ಜೋಳ ಚೀಲಗಟ್ಟಲೆ. “ಜೋಳ ಹೀರೂದಿಲ್ಲೇನು?” ಅಂದ. ಲ್ಯಾಪ್‌ಟಾಪನ್ನು ಜೋಳದ ಚೀಲದಲ್ಲಿ ಪೂರಾ ಹುಗಿದು, ಚೀಲದ ಬಾಯಿ ಕಟ್ಟಿ, ಎರಡು ದಿನ ಬಿಸಿಲಿಗೆ ಇಟ್ಟರು. ಮೂರನೆಯ ದಿನ ತೆಗೆದಾಗ ಸಂದು ಸಂದಿನಲ್ಲಿ ಜೋಳ, ಗುಂಡಿಗಳ ನಡುವೆ ಜೋಳದ ಧೂಳು. ಒತ್ತಿದರು. ಈಗ ಫ್ಯಾನಿನ ಸಪ್ಪಳವೂ ಬರಲಿಲ್ಲ.

ಆ ಎರಡು ದಿನ ಮಗಳು ಸರಿಯಾಗಿ ಉಣ್ಣಲಿಲ್ಲ. ಮಾಸ್ತರರ ವಹಿಗಳನ್ನು ಮುಂದಿಟ್ಟುಕೊಂಡು ಮೊದಲ ಹಾಳೆಯಿಂದ ಎಣಿಸುತ್ತಿದ್ದಳು. ಎಲ್ಲವನ್ನೂ ಮತ್ತೆ ಟೈಪ್ ಮಾಡಲು ಯುಗಾದಿಯಲ್ಲ, ದೀಪಾವಳಿಯೂ ಸಾಲುತ್ತಿರಲಿಲ್ಲ.

ಈಗ ನಾನು ಸುಮ್ಮನೆ ಕೂತದ್ದು ಯಾಕೆ ಅನ್ನುವುದನ್ನು ಹೇಳುತ್ತೇನೆ.

ದ್ರಾಕ್ಷಿ ಒಣಗಿದ ಮೇಲೆ ಬಣ್ಣ ಕಂದಾಗುತ್ತದೆ. ಪೇಟೆಗೆ ಹಳದಿ ಬೇಕು. ಅದಕ್ಕೆ ಶೆಡ್ಡಿನ ಕಡೆಯ ಖೋಲಿಯಲ್ಲಿ ಮಣೂಕ ಪೇರಿಸಿ, ಬಾಗಿಲು ಬಂದ್ ಮಾಡಿ, ಬೋಗುಣಿಯಲ್ಲಿ ಗಂಧಕ ಸುಡುತ್ತೇವೆ. ಆ ಹೊಗೆ ತಿಂದರೆ ಮಣೂಕ ಬಂಗಾರದ ಬಣ್ಣಕ್ಕೆ ಬರುತ್ತದೆ. ಮನುಷ್ಯರ ಗಂಟಲು ಉರಿಯುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಗಂಧಕ ಹಾಕುವ ದಿನ ನಮ್ಮ ಕಡೆ ಯಾವ ಹೆಣ್ಣಾಳೂ ಕಾಲುಂಗುರ ಹಾಕಿಕೊಂಡು ಆ ಖೋಲಿಯ ಹತ್ತಿರ ಸುಳಿಯುವುದಿಲ್ಲ. ಬೆಳ್ಳಿ ಕಪ್ಪಾಗುತ್ತದೆ. ಇದು ಹೊನವಾಡದ ಸಣ್ಣ ಹುಡುಗರಿಗೂ ಗೊತ್ತು. ನನ್ನ ಸಾಮಾನಿನ ಖೋಲಿ ಈ ಗಂಧಕದ ಖೋಲಿಗೆ ಅಂಟಿಕೊಂಡಿದೆ, ನಡುವೆ ಬರೀ ತಗಡು. ಟ್ರಂಕು ಆ ತಗಡಿಗೆ ತಾಗಿ ಇತ್ತು. ಹಿಂದಿನ ವರ್ಷಗಳಲ್ಲಿ ಗಂಧಕದ ಖೋಲಿ ಬೇರೆ ಕಡೆ ಇತ್ತು, ಈ ಸುಗ್ಗಿಗೆ ಮಗ ಅದನ್ನು ಇಲ್ಲಿಗೆ ತಂದಿದ್ದ.

ಟ್ರಂಕಿನಲ್ಲಿ ನನ್ನ ಬೆಳ್ಳಿಯೂ ಇತ್ತು. ಗಂಡ ತೀರಿಕೊಂಡ ಮೇಲೆ ಬಿಚ್ಚಿಟ್ಟ ಕಾಲುಂಗುರ, ನಡುವಿಗೆ ಕಟ್ಟುವ ಡಾಬು. ಶಿವರಾತ್ರಿಗೆ ಮೂರು ದಿನ ಮೊದಲು ಯಾತಕ್ಕೋ ಗಂಟು ಬಿಚ್ಚಿದೆ. ಡಾಬು ಹೆಂಚಿನ ಹಿಂಬದಿಯ ಹಾಗೆ ಕರ್ರಗೆ ಆಗಿತ್ತು. ಒಂದು ಗಳಿಗೆಯಲ್ಲಿ ತಿಳಿಯಿತು, ಹೊಗೆ ತಗಡಿನ ಸಂದಿಯಿಂದ ಬರುತ್ತಿದೆ, ಟ್ರಂಕಿನೊಳಗೂ ಹೋಗುತ್ತಿದೆ.

ನಾನು ಬೆಳ್ಳಿಯನ್ನು ತೆಗೆದೆ. ಅರಿವೆಯಲ್ಲಿ ಕಟ್ಟಿ, ತಿಕೋಟಾದ ಊರ ಮನೆಗೆ ಒಯ್ದು, ಹುಣಸೆಹಣ್ಣು ಬೂದಿ ಹಚ್ಚಿ ತಿಕ್ಕಿ, ಅಲ್ಲಿಯ ಕಪಾಟಿನಲ್ಲಿ ಇಟ್ಟೆ. ಮರಳಿ ಬಂದು, ಸಂಜೆ ಎಂದಿನಂತೆ ಮಗಳ ಕೈಯಿಂದ ಲ್ಯಾಪ್‌ಟಾಪ್ ಇಸಿದುಕೊಂಡು ಅದೇ ಟ್ರಂಕಿನಲ್ಲಿ ಇಟ್ಟು ಕೀಲಿ ಹಾಕಿದೆ.

ಬೇಕಂತಲೇ ಮಾಡಿದೆಯಾ ಅಂತ ಯಾರಾದರೂ ಕೇಳಿದರೆ ಇಲ್ಲ ಅನ್ನುತ್ತೇನೆ. ಅದು ಪ್ಲಾಸ್ಟಿಕ್ಕಿನ ಕರಿ ಡಬ್ಬಿ, ಇನ್ನೇನು ಕಪ್ಪಾಗುತ್ತದೆ ಅಂದುಕೊಂಡೆ. ಆದರೆ ಆ ದಿನಗಳಲ್ಲಿ ಅದು ಎರಡನೇ ಸಲಕ್ಕೆ, ಮೂರನೇ ಸಲಕ್ಕೆ ಚಾಲೂ ಆಗುವುದನ್ನು ನೋಡುತ್ತಿದ್ದೆ. ಒಳಗೆ ತಂತಿಗಳಿವೆ ಅನ್ನುವಷ್ಟು ಬುದ್ಧಿ ನನಗಿದೆ. ಕೆಟ್ಟರೆ ಕೆಡಲಿ, ಈ ಸುಗ್ಗಿ ಇಲ್ಲಿಯೇ ಇರುತ್ತಾಳೆ, ಅನ್ನುವ ಒಂದು ಮಾತು ನನ್ನೊಳಗೆ ಎಲ್ಲೋ ಕೂತಿತ್ತು. ಅದನ್ನು ನಾನು ಎಬ್ಬಿಸಿ ಹೊರಗೆ ಹಾಕಲಿಲ್ಲ. ಅಷ್ಟು ನನ್ನ ತಪ್ಪು. ಹುಡುಗಿಗೆ ಕಪಾಳಕ್ಕೆ ಬಿದ್ದಾಗಲೂ ಅದು ಕೂತೇ ಇತ್ತು.

ನಾಲ್ಕನೆಯ ದಿನ ಮಗಳು ವಿಜಯಪುರಕ್ಕೆ ಹೊರಟಳು. “ನಾನೂ ಬರ್ತೀನಿ,” ಅಂದೆ. ಯಾಕೆ ಅಂದೆನೋ. ಹೊನವಾಡದಿಂದ ಬಂದ ಬಸ್ಸಿಗೆ ಕೈ ಮಾಡಿ ಹತ್ತಿದೆವು. ಆಕೆ ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಪಕ್ಕದ ಹೆಣ್ಣುಮಗಳು “ಏನದು, ದವಾಖಾನಿ ರಿಪೋರ್ಟೇನ್ರಿ?” ಅಂತ ಕೇಳಿದಳು. ಮಗಳು ಹೂಂ ಅಂದುಬಿಟ್ಟಳು.

ಬಸ್ ಸ್ಟ್ಯಾಂಡಿನ ಹತ್ತಿರ ಅಟ್ಟದ ಮೇಲೊಂದು ಅಂಗಡಿ. ರಿಪೇರಿಯವನು ನಲವತ್ತು ದಾಟಿದವನು, ಹಣೆಗೆ ಒಂದು ಭೂತಗನ್ನಡಿ ಕಟ್ಟಿಕೊಂಡಿದ್ದ. ಸಣ್ಣ ಸಣ್ಣ ಸ್ಕ್ರೂ ಬಿಚ್ಚಿ, ಬುಡದ ಮುಚ್ಚಳ ಎತ್ತಿದ. ಮೇಜಿನ ಮೇಲೆ ಚಟಪಟ ಅಂತ ಜೋಳ ಉದುರಿತು.

“ಅಕ್ಕಾರ, ಇದನ್ನ ರಿಪೇರಿ ಮಾಡ್ಲ್ಯೋ, ಬಿತ್ಲ್ಯೋ?” ಅಂದ.

“ನಮ್ಮಣ್ಣ ಇಟ್ಟಾನ್ರಿ, ಹಸಿ ಹೀರ್ಲಿ ಅಂತ,” ಅಂದಳು ಮಗಳು.

“ಹಸಿ ಹೀರಿದ್ರ ಈಟೊತ್ತಿಗೆ ಮೊಳಕಿ ಒಡೀಬೇಕಿತ್ತಲ್ರಿ,” ಅಂದು ತಾನೇ ನಕ್ಕ.

ಒಳಗಿನಿಂದ ಒಂದು ಉದ್ದನೆಯ ಚೀಟಿಯಂಥದನ್ನು ಕಿತ್ತು ತೆಗೆದ. ಅದು ಲ್ಯಾಪ್‌ಟಾಪಿನ ನೆನಪಂತೆ, ಅದರ ಹಲ್ಲುಗಳಲ್ಲಿ ಹೊಲಸು ಕೂತರೂ ಪರದೆ ಬರುವುದಿಲ್ಲವಂತೆ. ಸಾಲಿ ಹುಡುಗರ ರಬ್ಬರಿನಿಂದ ಆ ಹಲ್ಲುಗಳನ್ನು ತಿಕ್ಕಿದ. ರಬ್ಬರಿನ ಪುಡಿ ಕಪ್ಪಗೆ ಬಂತು. ಮತ್ತೆ ಕೂಡಿಸಿ ಒತ್ತಿದ, ಬರಲಿಲ್ಲ. ಬೇರೆಯದೊಂದು ಟಿವಿಯಂಥ ಪರದೆ ತಂದು ವೈರ್ ಹಚ್ಚಿದ, ಅದರಲ್ಲೂ ಬರಲಿಲ್ಲ. ಬ್ಯಾಟರಿ ಬಿಚ್ಚಿ, ಬರೇ ಚಾರ್ಜರಿನ ಮೇಲೆ ಒತ್ತಿದ. ಇಲ್ಲ. ಆಮೇಲೆ ಭೂತಗನ್ನಡಿ ಕಣ್ಣಿಗೆ ಇಳಿಸಿಕೊಂಡು ಬಗ್ಗಿದ. ಬಹಳ ಹೊತ್ತು ನೋಡಿದ. ಕಡೆಗೆ ಬೋರ್ಡನ್ನು ಮೂಗಿನ ಹತ್ತಿರ ಹಿಡಿದು ಮೂಸಿದ.

“ನೀವು ತಿಕೋಟಾ ಕಡ್ಯಾವ್ರ ಏನ್ರಿ?”

“ಹೌದ್ರಿ. ಹೆಂಗ ಗೊತ್ತಾತು?”

“ಮಣೂಕದ ಶೆಡ್ ಐತಿ, ಹೌದಿಲ್ರಿ? ಆ ಕಡಿ ಲ್ಯಾಪ್‌ಟಾಪು, ಆ ಕಡಿ ಟಿವಿ ನಾ ವಾಸನಿ ಮ್ಯಾಲ ಗುರ್ತ ಹಿಡೀತೀನ್ರಿ. ಗಂಧಕ. ಒಳಗಿನ ತಾಮ್ರ ಎಲ್ಲಾ ತಿಂದು ಹಾಕೈತಿ ನೋಡ್ರಿ.” ಆಮೇಲೆ ನನ್ನ ಕಡೆ ತಿರುಗಿ, “ಆಯಿ, ನೀವೂ ನೋಡ್ರಿ ಬರ್ರಿ,” ಅಂದ.

ನೋಡಿದೆ. ಕನ್ನಡಿಯ ಕೆಳಗೆ ಇರುವೆ ಕಾಲಿನಂಥ ಸಣ್ಣ ಕಾಲುಗಳು ಸಾಲಾಗಿ ಕೂತಿದ್ದವು. ಒಂದೊಂದರ ಬುಡಕ್ಕೂ ಕರಿ ಬೂಷ್ಟು. ನನ್ನ ಡಾಬಿನ ಮೇಲೆ ಇದ್ದದ್ದು ಅದೇ ಕಪ್ಪು.

“ಒಂದಿನದ ಹೊಗಿ ಅಲ್ರಿ ಇದು,” ಅಂದ ಅವನು. “ದಿನಾ ತಿಂದೈತಿ. ಇದನ್ನ ಎಲ್ಲಿ ಇಡ್ತಿದ್ರಿ ಅಕ್ಕಾರ? ಅಲ್ಲಿ ಬೆಳ್ಳಿ ಸಾಮಾನ ಏನರೆ ಇತ್ತಂದ್ರ ಒಮ್ಮಿ ನೋಡ್ಕೋರಿ, ಅದೂ ಕರ್ರಗ ಆಗಿರತೈತಿ.”

ಅವನಿಗೆ ಅದೊಂದು ಮಾತು. ಮಗಳು ನನ್ನ ಕಡೆ ತಿರುಗಿದಳು.

“ಯವ್ವಾ, ಟ್ರಂಕಿನ್ಯಾಗ ನಿನ್ನ ಡಾಬ ಐತಲ್ಲ?”

“ಈಗಿಲ್ಲ.”

“ಎಲ್ಲೈತಿ?”

“ಊರ ಮನ್ಯಾಗ.”

“ಯಾವಾಗ ಒಯ್ದಿ?”

ಸುಳ್ಳು ಹೇಳಬಹುದಿತ್ತು. ನನಗೆ ಆ ರೂಢಿ ಇಲ್ಲ. ಬಾಯಿ ಮುಚ್ಚಿಕೊಂಡಿರುವ ರೂಢಿ ಇದೆ, ಅದು ಅಲ್ಲಿಗೆ ಮುಗಿದಿತ್ತು. “ಶಿವರಾತ್ರಿಗಿಂತ ಮೊದಲ,” ಅಂದೆ.

“ಕರ್ರಗ ಆಗಿತ್ತ?”

“ಆಗಿತ್ತು.”

ಆಕೆ ಕೂಗಾಡಿದ್ದರೆ ಚಲೋ ಇತ್ತು. ಕೂಗಾಡಲಿಲ್ಲ. ನನ್ನನ್ನು ನೋಡಿದಳು, ನನ್ನ ಸೊಂಟದಲ್ಲಿದ್ದ ಕೀಲಿಕೈಯನ್ನು ನೋಡಿದಳು, ಆಮೇಲೆ ರಿಪೇರಿಯವನ ಕಡೆ ತಿರುಗಿ, “ಒಳಗ ಒಂದು ಪುಸ್ತಕ ಐತ್ರಿ. ಅದನ್ನ ಉಳಸಾಕ ಆಗತೈತೇನ್ರಿ?” ಅಂತ ಕೇಳಿದಳು.

“ಬೋರ್ಡ್ ಸತ್ತಂಗ ರಿ. ಆದ್ರ ಹಾರ್ಡ್ ಡಿಸ್ಕ್ ಬ್ಯಾರೆ ಇರತೈತಿ. ಅದನ್ನ ತಗದು ನನ್ನ ಕಂಪ್ಯೂಟರಿಗೆ ಹಚ್ಚಿ ನೋಡೋಣ್ರಿ.”

ಅಂಗೈಯಗಲದ ಒಂದು ಡಬ್ಬಿಯನ್ನು ಹೊರಗೆ ತೆಗೆದ, ಅದರ ಹಲ್ಲನ್ನೂ ತಿಕ್ಕಿದ, ತನ್ನ ಯಂತ್ರಕ್ಕೆ ಹಚ್ಚಿದ. ಎರಡು ಸಲ ಸಿಗಲಿಲ್ಲ. ಮೂರನೆಯ ಸಲಕ್ಕೆ ಪರದೆಯ ಮೇಲೆ ಹೆಸರುಗಳ ಸಾಲು ಬಂತು. ಮಗಳು ಕುರ್ಚಿಯ ಹಿಡಿಕೆ ಹಿಡಿದು ಓದಿದಳು. “ಬಬಲೇಶ್ವರ ಐತಿ. ಹೊನವಾಡ ಐತಿ. ತಿಕೋಟಾ ಐತಿ. ಜೈನಾಪುರ ಐತಿ...” ಒಂದೊಂದನ್ನೇ ತೆರೆದು ನೋಡಿದಳು. ಅಕ್ಷರ ಸರಿಯಾಗಿದ್ದವು. ಆಕೆ ಉಸಿರು ಬಿಟ್ಟ ಸಪ್ಪಳ ನನಗೆ ಕೇಳಿಸಿತು.

ಕಡೆಯದು ನಿಡೋಣಿ. ಹೆಸರು ಇತ್ತು. ತೆರೆದರೆ ಒಳಗೆ ಹಾಳೆತುಂಬ ಖಾಲಿ ಚೌಕಗಳು, ನಡುನಡುವೆ ತಿಳಿಯದ ಗೆರೆಗಳು.

“ಇದು ಕೆಟ್ಟೈತ್ರಿ,” ಅಂದ ರಿಪೇರಿಯವನು. “ಬರಿಯೂ ಮುಂದ ಫಕ್ಕನ ಬಂದ್ ಆಗ್ತಿತ್ತಲ್ರಿ, ಆವಾಗ ಕೈಯಾಗ ಇದ್ದ ಫೈಲ್ ಹಿಂಗ ಆಗತೈತಿ. ಇದು ಬರೂದಿಲ್ರಿ ಇನ್ನ.”

“ಹೋಗ್ಲಿ ಬಿಡು,” ಅಂದೆ ನಾನು. “ನಾ ಮತ್ತೊಮ್ಮಿ ಹೇಳ್ತೀನಿ. ನನಗ ಬಾಯಿಪಾಠ ಐತಿ.”

“ಬ್ಯಾಡ,” ಅಂದಳು ಮಗಳು.

ಪುಸ್ತಕವನ್ನು ಒಂದು ಪೆನ್ ಡ್ರೈವಿಗೆ ಹಾಕಿಸಿಕೊಂಡಳು. ಕೆಳಗೆ ಇಳಿದ ಮೇಲೆ, “ನಾ ಪ್ರೆಸ್ಸಿಗೆ ಹೊಂಟೇನಿ. ಉಳದದ್ದು ಅಲ್ಲೇ ಕುಂತು ಮುಗಸ್ತೀನಿ. ನೀ ಬಸ್ಸಿಗೆ ಹೋಗು,” ಅಂದಳು. ಸತ್ತ ಲ್ಯಾಪ್‌ಟಾಪನ್ನು ನನ್ನ ಕೈಗೆ ಕೊಟ್ಟಳು. “ಇದನ್ನ ಒಯ್ದು ಕೀಲಿ ಹಾಕಿ ಇಡು.”

ಒಬ್ಬಳೇ ಬಂದೆ. ಮನೆಯಲ್ಲಿ ಹುಡುಗಿ ಓಡಿ ಬಂದಳು.

“ಆಯಿ, ಚಾ ಚೆಲ್ಲಿದ್ದಕ್ಕ ಕೆಟ್ಟಿತ್ತಂತೇನು?”

“ಅಲ್ಲ. ಗಂಧಕದ ಹೊಗಿ. ನಾ ಟ್ರಂಕಿನ್ಯಾಗ ಇಟ್ಟಿದ್ದಕ್ಕ ಕೆಟ್ಟೈತಿ.”

“ನಿನಗ ಗೊತ್ತಿತ್ತ?”

“ಗೊತ್ತಿತ್ತು.”

“ಹಂಗಾದ್ರ ನನಗ ಯಾಕ ಹೊಡಸಿದಿ?”

ಅವತ್ತೇ ಟ್ರಂಕನ್ನು ಆ ಖೋಲಿಯಿಂದ ಎಳೆದು ಹೊರಗೆ ಹಾಕಿದೆ. ಮಗ ನೋಡಿ, “ಈಗ್ಯಾಕ ಬೇ?” ಅಂದ. ಅವನು ಕೇಳಿದ್ದು ಸರಿ ಇತ್ತು.

ಮಗಳು ದಿನಾ ಮುಂಜಾನೆಯ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬಂದಳು. ಯುಗಾದಿಗೆ ಎರಡು ದಿನ ಇರುವಾಗ ಪುಸ್ತಕ ಮುಗಿಯಿತು. ಪ್ರೆಸ್ಸಿನ ಯಜಮಾನ ಮಾತಿಗೆ ತಪ್ಪಲಿಲ್ಲ. ಜೂನಿನಲ್ಲಿ ತಾಯಿ ಮಗಳು ಇಬ್ಬರೂ ವಿಜಯಪುರದ ಖೋಲಿಗೆ ಹೋದರು. ಆ ನಡುವಿನ ದಿನಗಳಲ್ಲಿ ಆಕೆ ನನ್ನೊಡನೆ ಜಗಳವಾಡಲಿಲ್ಲ. ಬೇಕಾದಷ್ಟು ಮಾತು ಆಡಿದಳು, ಬೇಕಾದಷ್ಟೇ. “ರೊಟ್ಟಿ ಆಗ್ಯಾವು.” “ನೀರ ಕಾದೈತಿ.” ಒಮ್ಮೊಮ್ಮೆ ಅದನ್ನೂ ಹುಡುಗಿಯ ಕೈಲಿ ಹೇಳಿಸಿದಳು. ಜೈನಾಪುರದಲ್ಲಿ ಎರಡು ವರ್ಷ ಆಕೆ ಹೇಗೆ ಇದ್ದಿರಬೇಕು ಅನ್ನುವುದು ನನಗೆ ಆ ಎರಡೂವರೆ ತಿಂಗಳಲ್ಲಿ ತಿಳಿಯಿತು. ತಿಳಿದು ಉಪಯೋಗವೇನೂ ಆಗಲಿಲ್ಲ.

ನಾಗರ ಪಂಚಮಿಗೆ ಬಂದಳು. ಬರದೆ ಇದ್ದರೆ ಮಂದಿ ಕೇಳುತ್ತಾರೆ ಅಂತ ಬಂದಳೋ, ಹುಡುಗಿ ಹಟ ಹಿಡಿದದ್ದಕ್ಕೆ ಬಂದಳೋ. ಅಣ್ಣನಿಗೆ ಪುಸ್ತಕದ ಒಂದು ಪ್ರತಿ ತಂದಿದ್ದಳು. ಅವನು ಹಿಂದೆ ಮುಂದೆ ತಿರುಗಿಸಿ, ಚಲೋ ಆಗೇತಿ ಅಂದು, ಜೋಕಾಲಿಯ ಹಗ್ಗ ಕಟ್ಟಲು ಹೋದ. ನಾನು ಕನ್ನಡಕ ಹಾಕಿಕೊಂಡು ತೆಗೆದೆ. ನಾನು ಕಲಿತದ್ದು ನಾಲ್ಕನೆಯ ಇಯತ್ತೆ, ಅಕ್ಷರ ಕೂಡಿಸಿ ಕೂಡಿಸಿ ಓದುತ್ತೇನೆ. ಬಬಲೇಶ್ವರ ಬಂತು, ಹೊನವಾಡ ಬಂತು. ಜೈನಾಪುರದ್ದು ಬಹಳ ಹಾಳೆ ಇತ್ತು, ಆಕೆಯ ಗಂಡನ ಮನೆಯ ಹೊಲದ ಹೆಸರೂ ಇತ್ತು. ಹಾಳೆ ತಿರುವುತ್ತ ತಿರುವುತ್ತ ನಿಡೋಣಿ ಸಿಕ್ಕಿತು. ಊರ ಹೆಸರಿನ ಕೆಳಗೆ ಒಂದೇ ಸಾಲು. ಎರಡು ಸಲ ಓದಿದೆ, ನನ್ನ ಓದು ತಪ್ಪಿರಬೇಕು ಅಂತ.

‘ಈ ಊರಿನ ಹೊಲಗಳ ಹೆಸರು ಹೇಳುವವರು ಸಿಗಲಿಲ್ಲ.’

ಮಗಳು ಒಲೆಯ ಮುಂದೆ ಉಂಡಿ ಕಟ್ಟುತ್ತಿದ್ದಳು. ನಾನು ಪುಸ್ತಕ ಹಿಡಿದುಕೊಂಡೇ ಕೇಳಿದೆ.

“ನಿಡೋಣಿದು ಹೇಳಾವ್ರು ಸಿಗಲಿಲ್ಲೇನು?”

ಆಕೆ ಉಂಡಿಯನ್ನು ಅಂಗೈಯಲ್ಲಿ ಒತ್ತಿ ಗುಂಡಗೆ ಮಾಡಿ ತಾಟಿನಲ್ಲಿ ಇಟ್ಟಳು.

“ಇಲ್ಲ. ಸಿಗಲಿಲ್ಲ,” ಅಂದಳು.

ಮರುದಿನ ಹೊರಟಾಗ ಒಂದು ಚೀಲ ಮಣೂಕ ಕಟ್ಟಿ ಕೊಟ್ಟೆ. ಹೋದ ಸುಗ್ಗಿಯದು, ಒಳ್ಳೆ ಹಳದಿ ಬಂದಿತ್ತು. ಹುಡುಗಿ ಕೈ ಚಾಚಿದಳು. ಆಕೆ ಹುಡುಗಿಯ ಕೈ ಹಿಡಿದುಕೊಂಡು, ಬಸ್ಸು ಬಂತು ಅಂದು ಹೊರಟುಬಿಟ್ಟಳು. ಚೀಲ ಕಟ್ಟೆಯ ಮೇಲೆಯೇ ಇತ್ತು. ಸಂಜೆ ಬಿಚ್ಚಿ ಡಬ್ಬಿಗೆ ಸುರುವಿದೆ.